ತಂಗಿ, ಪೂರಾ ಕೇಳಿಸಿಕೊ

ತಂಗಿ, ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದೇನೆ, ಸದ್ದು ಬಂದರೆ ಬೇಜಾರಾಗಬೇಡ. ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. ಮೂರೂವರೆ ವರ್ಷದ ಮಗ ಮಾತಾಡಲ್ಲ, ಕರೆದರೆ ತಿರುಗಲ್ಲ, ಡಾಕ್ಟರ್ ಆಟಿಸಂ ಅಂದರು, ನನ್ನ ತಪ್ಪೇನು ಅಕ್ಕಾ ಅಂದಿದ್ದೀಯ. ಬೆಳಗಾಗುವುದರೊಳಗೆ ಅದರ ಕೆಳಗೆ ಸಲಹೆಗಳ ಸಾಲು. ಹರಕೆ ಹೊರು, ಬಜೆ ತೇಯ್ದು ನಾಲಿಗೆಗೆ ಹಚ್ಚು, ಗಂಡುಮಕ್ಕಳಿಗೆ ಮಾತು ತಡ.

ನಿನ್ನ ತಪ್ಪೇನೂ ಇಲ್ಲ. ಅವನ ಮಿದುಳು ಬೆಳೆಯುವ ರೀತಿಯೇ ಬೇರೆ, ಅಷ್ಟೆ.

ನನ್ನ ಮಗನಿಗೂ ಆಟಿಸಂ, ಈಗ ಅವನಿಗೆ 14 ವರ್ಷ. ಚಿಕ್ಕವನಿದ್ದಾಗ ಕುಕ್ಕರ್ ಸೀಟಿ ಹೊಡೆದರೆ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದ. ಅದೇ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದಲ್ಲೇ ಬಂದು ಕೂರುತ್ತಿದ್ದ. ಇದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಅಲ್ಲಿವರೆಗೆ ಹಟ ಅಂದುಕೊಂಡು ಹೊಡೆದಿದ್ದೇನೆ. ಹೌದು, ಹೊಡೆದಿದ್ದೇನೆ. ಐದು ವರ್ಷದವನಿದ್ದಾಗ ಶರಣಬಸವೇಶ್ವರ ಜಾತ್ರೆಗೆ ಕರೆದುಕೊಂಡು ಹೋದೆ, ಅದೂ ತೇರು ಎಳೆಯುವ ಹೊತ್ತಿಗೆ! ಆ ಜನ, ಆ ಗದ್ದಲ. ಕಿವಿ ಮುಚ್ಚಿಕೊಂಡು ಧೂಳಿನಲ್ಲೇ ಬಿದ್ದುಬಿಟ್ಟ. 'ತಾಯಿಗೆ ಬೆಳೆಸೋಕೆ ಬಂದಿಲ್ಲ' ಅಂದಳು ಯಾರೋ ಒಬ್ಬಾಕಿ. ಈಗಲೂ ಜಾತ್ರೆಗೆ ಹೋಗುತ್ತೇವೆ. ತೇರಿನ ಮರುದಿನ ಬೆಳಿಗ್ಗೆ, ಮಿಠಾಯಿ ಅಂಗಡಿಯವರು ಕಣ್ಣುಜ್ಜುತ್ತಾ ಕೂತಿರುತ್ತಾರಲ್ಲ, ಆಗ. ಆರಾಮಾಗಿ ತಿರುಗುತ್ತಾನೆ.

ಸ್ಪೀಚ್ ಥೆರಪಿ ಬೇಗ ಶುರು ಮಾಡು. ಅಲ್ಲಿ ಕಲಿಸಿದ್ದನ್ನು ಮನೆಯಲ್ಲಿ ದಿನಾ ಮಾಡಬೇಕು, ವಾರದ ಒಂದೆರಡು ಗಂಟೆಯಷ್ಟೇ ಸಾಲದು. ಚಿತ್ರ, ಕೈಸನ್ನೆ ಬಳಸಿದರೆ ಮಾತು ಬರುವುದು ನಿಲ್ಲುತ್ತೆ ಅನ್ನುವುದು ಸುಳ್ಳು. ನೀರಿನ ಚಿತ್ರ ತೋರಿಸಿ ನೀರು ಕೇಳಿದರೂ ಅದು ಕೇಳಿದಂತೆಯೇ ಅಲ್ವಾ?

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಮಾಡಿಸು. ಕಾರ್ಡ್ ಮಾಡಿಸಿದರೆ ಹಣೆಗೆ ಬರೆದಂತಾಗುತ್ತೆ ಅಂತ ನಿಮ್ಮತ್ತೆ ಹೆದರಿದ್ದಾರಂತೆ. ನಮ್ಮತ್ತೆಯೂ ಹಾಗೇ ಅಂದಿದ್ದರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಸರ್ಟಿಫಿಕೇಟಿನಲ್ಲಿ ವೈಕಲ್ಯದ ಪ್ರಮಾಣ ಶೇ 40 ಅಥವಾ ಜಾಸ್ತಿ ಬಂದರೆ ಅನೇಕ ಸೌಲಭ್ಯಗಳಿಗೆ ದಾರಿ. ಇಂಥ ಮಕ್ಕಳಿಗೆ ನಿರಾಮಯ ಅಂತ ಸರ್ಕಾರದ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿ ಖರ್ಚೂ ಒಂದು ಮಿತಿಯೊಳಗೆ ಸಿಗುತ್ತೆ. ಕಾಗದಗಳ ಜೆರಾಕ್ಸ್ ನಾಲ್ಕು ಸೆಟ್ ಇಟ್ಟುಕೊ, ಯಾರಾದರೂ ಕೇಳಿಯೇ ಕೇಳುತ್ತಾರೆ.

ಈಗ ಉಳಿದವರಿಗೆ. ದೊಡ್ಡವ್ವ, ಕಾಕಾ, ಸಿಟ್ಟಾಗಬೇಡಿ. ಆ ದಿನಗಳಲ್ಲಿ ನನಗೆ ಸಲಹೆಗೆ ಬರ ಇರಲಿಲ್ಲ, ನಿದ್ದೆಗೆ ಬರ ಇತ್ತು. ಮೂರು ವರ್ಷ ಒಂದು ಮದುವೆಗೂ ಹೋಗಲಿಲ್ಲ. ನಮ್ಮ ಯಜಮಾನರು ಮಾತೇ ಬಿಟ್ಟಿದ್ದರು, ಅಂಗಡಿಯಿಂದ ಬೇಕಂತಲೇ ತಡವಾಗಿ ಬರುತ್ತಿದ್ದರು. ಆಗ ನಮ್ಮ ನಾದಿನಿ ಭಾನುವಾರ ಎರಡು ತಾಸು ಬಂದು ಕೂರುತ್ತಿದ್ದಳು. ಬುದ್ಧಿಮಾತು ಒಂದೂ ಇಲ್ಲ. ಅವಳೂ ನನ್ನ ಮಗನೂ ಜೋಳವನ್ನು ಒಂದು ಪರಾತದಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು, ಅಷ್ಟೇ ಆಟ. ನಾನು ಒಳಗೆ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ.

ತಂಗಿ ಇರುವ ಸೇಡಂನಲ್ಲಿ ನಮ್ಮವರದೇ ನಾಲ್ಕು ಮನೆ ಇವೆ. ಈ ಭಾನುವಾರ ಅವಳ ಮನೆಗೆ ಯಾರು ಹೋಗುತ್ತೀರಿ? ಇಲ್ಲೇ ಹೆಸರು ಹಾಕಿ. ಮುಂದಿನ ಭಾನುವಾರ ನಾನು ಬರುತ್ತೇನೆ ತಂಗಿ. ಎರಡು ಪರಾತ ತೆಗೆದಿಡು, ಜೋಳ ನಾನು ತರುತ್ತೇನೆ.