ಪಾರ್ಶ್ವವಾಯು: ಮಂಡ್ಯದಲ್ಲೇ ತೋರಿಸುವುದೋ, ಬೆಂಗಳೂರಿಗೆ ಹೊರಡುವುದೋ?

ಪ್ರಶ್ನೆ (ಮಂಡ್ಯ, ಮೇ 2021): ಕಳೆದ ವಾರ ನಮ್ಮ ತಾಯಿಯವರ ಬಲಗೈ ಹತ್ತು ನಿಮಿಷ ಸ್ವಾಧೀನ ತಪ್ಪಿ, ತಾನಾಗಿಯೇ ಸರಿಹೋಯಿತು. ಮುಂದೆ ದೊಡ್ಡದಾಗಿಯೇ ಬರಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ಕೊರೊನಾದಿಂದಾಗಿ ಇಲ್ಲಿನ ಎಮರ್ಜೆನ್ಸಿಯಲ್ಲಿ ನರರೋಗ ತಜ್ಞರು ವಿಡಿಯೋ ಕರೆಯಲ್ಲಷ್ಟೇ ನೋಡುತ್ತಾರೆ. ಅದನ್ನು ನಂಬಿ ಇಲ್ಲೇ ಸೇರಿಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಕುವೆಂಪುನಗರ, ಮೈಸೂರು: 2020ರ ಆಗಸ್ಟ್‌ನಲ್ಲಿ ನಮ್ಮ ಯಜಮಾನರಿಗೆ ಬೆಳಗಿನ 6.10ಕ್ಕೆ ಬಾಯಿ ಸೊಟ್ಟಗಾಯಿತು. 6.50ಕ್ಕೆ ನಾವು ಆಸ್ಪತ್ರೆಯಲ್ಲಿದ್ದೆವು. ಬಾಗಿಲಲ್ಲಿ ಅವರು ಎರಡು ಸಲ ಕೆಮ್ಮಿದರೆಂದು, ಸ್ವ್ಯಾಬ್ ಫಲಿತಾಂಶ ಬರುವವರೆಗೆ ಸಿ.ಟಿ. ಸ್ಕ್ಯಾನ್ ಇಲ್ಲವೆಂದರು. ತಜ್ಞರು ಎಂಟು ಗಂಟೆಗೇ ವಿಡಿಯೋದಲ್ಲಿ ಬಂದರು. ಆದರೆ ಮಿದುಳಿನಲ್ಲಿ ರಕ್ತಸ್ರಾವವಾಗಿಲ್ಲವೆಂಬುದು ಖಚಿತವಾಗದೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅವರು ಹೇಗೆ ಬರೆಯುತ್ತಾರೆ? ಸ್ಕ್ಯಾನ್ ಆದದ್ದು 11.40ಕ್ಕೆ. ಅಷ್ಟರಲ್ಲಿ ಆ ಚುಚ್ಚುಮದ್ದಿಗಿರುವ ನಾಲ್ಕೂವರೆ ಗಂಟೆಯ ಗಡುವು ಮುಗಿದಿತ್ತು. ಹನ್ನೊಂದು ದಿನಕ್ಕೆ ₹1,86,400 ಕಟ್ಟಿದೆವು, ಅದರಲ್ಲಿ ಸೋಂಕು ತಗುಲದಂತೆ ಸಿಬ್ಬಂದಿ ತೊಡುವ ಪಿ.ಪಿ.ಇ. ಕಿಟ್‌ಗಳೇ ಹದಿನಾಲ್ಕು, ಒಂದಕ್ಕೆ ₹1,800ರಂತೆ ₹25,200. ಈಗಲೂ ಅವರಿಗೆ ಅನ್ನ ಕಲಸಿ ಕೊಡುವವಳು ನಾನೇ.

ಮದ್ದೂರು: ವಿಡಿಯೋವನ್ನು ದೂರುವುದು ಸರಿಯಲ್ಲ. ಅಕ್ಟೋಬರ್‌ನಲ್ಲಿ ನಮ್ಮ ತಂದೆಯವರಿಗೆ ಕೈ ಎತ್ತಿಸಿ, ಹಲ್ಲು ತೋರಿಸಲು ಹೇಳಿ, ಮಾತನಾಡಿಸಿ ತಜ್ಞರು ಪರೀಕ್ಷಿಸಿದ್ದು ಟ್ಯಾಬ್‌ನಲ್ಲಿಯೇ. ರಕ್ತದೊತ್ತಡ 196 ಇತ್ತು. ಅದನ್ನು 185ಕ್ಕಿಂತ ಕೆಳಗಿಳಿಸಿದ ಮೇಲೆ, ಲಕ್ವ ಹೊಡೆದ 2 ಗಂಟೆ 50 ನಿಮಿಷದೊಳಗೆ ಆಲ್ಟೆಪ್ಲೇಸ್, ಅಂದರೆ ಹೆಪ್ಪು ಕರಗಿಸುವ ಅದೇ ಚುಚ್ಚುಮದ್ದು, ಕೊಟ್ಟರು. ಕಿಲೋಗೆ 0.9 ಮಿಲಿಗ್ರಾಂನಂತೆ, 62 ಕಿಲೋ ತೂಕಕ್ಕೆ 55.8 ಮಿಲಿಗ್ರಾಂ ಬೇಕಾಯಿತು. ಅಲ್ಲಿದ್ದ ಸೀಸೆ 50 ಮಿಲಿಗ್ರಾಂನದು. ಉಳಿದ ಆರು ಮಿಲಿಗ್ರಾಂಗಾಗಿ ಎರಡನೆಯ ಸೀಸೆಗೂ ಪೂರ್ತಿ ಹಣ ತೆತ್ತೆವು. ಅದರ ಬಗ್ಗೆ ನನಗೆ ದುಃಖವಿಲ್ಲ, ಏಕೆಂದರೆ ಅವರು ಈಗ ಕೋಲೂರಿಕೊಂಡು ಕಬ್ಬಿನ ಗದ್ದೆಗೆ ಹೋಗಿ ಬರುತ್ತಾರೆ.

ಸರಸ್ವತಿಪುರಂ, ಮೈಸೂರು: ನಿಮ್ಮ ತಂದೆಯವರದು ಸಣ್ಣ ಹೆಪ್ಪಾಗಿತ್ತು. ದೊಡ್ಡ ರಕ್ತನಾಳವೇ ಮುಚ್ಚಿದ್ದರೆ ಚುಚ್ಚುಮದ್ದಿಗೆ ಹೆಪ್ಪು ಬಹುಪಾಲು ಕರಗುವುದಿಲ್ಲ. ತೊಡೆಸಂದಿಯಿಂದ ನಳಿಕೆ ತೂರಿಸಿ ಅದನ್ನು ಹೊರಗೆಳೆಯಬೇಕಾಗುತ್ತದೆ. ಅದಕ್ಕಾಗಿಯೇ ನಾವು ಅಮ್ಮನನ್ನು ಬೆಂಗಳೂರಿಗೆ ಕರೆದೊಯ್ದೆವು. ಆಂಬುಲೆನ್ಸ್‌ಗೆ ₹18,000, ಆಸ್ಪತ್ರೆಗೆ ಐದೂವರೆ ಲಕ್ಷ. ಗೇಟಿನಲ್ಲೇ ಅವರನ್ನು ಒಪ್ಪಿಸಿ, ಆರು ದಿನ ಮುಖ ನೋಡದೆ ರಸ್ತೆಯ ಮೇಲಿದ್ದೆವು. ಇಂದು ಅವರು ಮಾತನಾಡುತ್ತಾರೆ. ಒಂದು ಸೀಸೆ ಔಷಧದ ಬಲದಿಂದ ಎಲ್ಲರಿಗೂ ಧೈರ್ಯ ಹೇಳಬೇಡಿ.

ಮದ್ದೂರು: ಐದೂವರೆ ಲಕ್ಷವಿದ್ದವರು ಹೇಳುವ ಮಾತಿದು. ಮೊದಲು ಇಲ್ಲೇ ಚುಚ್ಚುಮದ್ದು ಹಾಕಿಸಿ, ಅನಂತರ ಹೊರಡಬಹುದಿತ್ತಲ್ಲ? ದಾರಿಯಲ್ಲಿ ಕಳೆದ ಹೊತ್ತನ್ನು ನೀವೇಕೆ ಬರೆದಿಲ್ಲ?

ಸರಸ್ವತಿಪುರಂ: ಮೂರು ಗಂಟೆ ಇಪ್ಪತ್ತು ನಿಮಿಷ. ಹಣ ಇತ್ತೆಂದು ನಿಮಗೆ ಹೇಳಿದವರು ಯಾರು? ಒಡವೆ ಅಡವಿಟ್ಟೆವು.

ಮಂಡ್ಯ, ಎಮರ್ಜೆನ್ಸಿ ಶುಶ್ರೂಷಕಿ: ಕಿಟ್ಟಿನ ಲೆಕ್ಕ ಬರೆದವರಿಗೆ ಒಂದು ಮಾತು. ಶಂಕಿತ ರೋಗಿಯೊಬ್ಬರ ಸ್ಕ್ಯಾನ್ ಆದೊಡನೆ ಅರ್ಧ ಗಂಟೆ ಕೋಣೆಯನ್ನು ಮುಚ್ಚಿ ಒರೆಸುತ್ತಿದ್ದೆವು. ನಮ್ಮ ಪಾಳಿಯ ಎಂಟು ಮಂದಿಯಲ್ಲಿ ಮೂವರಿಗೆ ಸೋಂಕು ತಗುಲಿತು. ಈಗ ನಾವು ಸ್ವ್ಯಾಬ್‌ಗೆ ಕಾಯುವುದಿಲ್ಲ. ಲಕ್ವದ ರೋಗಿಯನ್ನು ಸೋಂಕಿತರೆಂದೇ ಭಾವಿಸಿ, ಕಿಟ್ ತೊಟ್ಟು ನೇರವಾಗಿ ಸ್ಕ್ಯಾನ್‌ಗೆ ಒಯ್ಯುತ್ತೇವೆ. ಕಿಟ್ ಬೇಡವೆನ್ನುವವರು ಇದನ್ನೂ ಬೇಡವೆನ್ನಬೇಕಾಗುತ್ತದೆ.

ಕುವೆಂಪುನಗರ: ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ತಂಗಿ. ಕಿಟ್ ಬೇಡವೆಂದು ನಾನೆಲ್ಲೂ ಬರೆದಿಲ್ಲ. ಆದರೆ ಆ ಬೆಳಿಗ್ಗೆ ಸಿ.ಟಿ. ಕೋಣೆ ಖಾಲಿಯಿತ್ತು, ಅದರ ಎದುರಿನ ಬೆಂಚಿನ ಮೇಲೆಯೇ ನಾನು ಕುಳಿತಿದ್ದೆ.