ಜೂನೋ ನಗರವನ್ನು ಉತ್ತಳೇ, ಪೂಜಿಸಿದಳೇ? ಲ್ಯಾಟಿನಿನ 'ಕೊಲೆರೆ' ಕ್ರಿಯಾಪದದ ಅರ್ಥ

ಪ್ರಶ್ನೆ (ಬದಿಯಡ್ಕ):
ರೋಮನ್ ಕವಿ ವರ್ಜಿಲನ 'ಈನೀಡ್' ಮಹಾಕಾವ್ಯವನ್ನು ಮೂಲ ಲ್ಯಾಟಿನಿನಲ್ಲಿಯೇ ಓದಲು ಹೊರಟವನು ಮೊದಲ ಸರ್ಗದ 16ನೆಯ ಸಾಲಿನಲ್ಲಿ ನಿಂತುಬಿಟ್ಟಿದ್ದೇನೆ. ರೋಮನ್ನರ ದೇವರಾಣಿ ಜೂನೋ ತನಗೆ ಪ್ರಿಯವಾದ ಸಾಮೋಸ್ ದ್ವೀಪವನ್ನೂ ಹಿಂದಿಟ್ಟು, ಉತ್ತರ ಆಫ್ರಿಕದ ಕಾರ್ಥೇಜ್ ನಗರವೊಂದನ್ನೇ ಎಲ್ಲ ನಾಡುಗಳಿಗಿಂತ ಮಿಗಿಲಾಗಿ 'ಕೊಲುಯಿಸ್ಸೆ' ಎಂದಿದೆ. ಇದರ ಮೂಲರೂಪವಾದ 'ಕೊಲೆರೆ'ಗೆ ನಿಘಂಟು ಉಳು, ವಾಸಿಸು, ಪೂಜಿಸು ಎಂಬ ಅರ್ಥಗಳನ್ನು ಕೊಡುತ್ತದೆ. ದೇವಿಯು ನಗರವನ್ನು ಉಳುವಳೆನ್ನಲಾಗದು, ಪೂಜಿಸುವಳೆಂದರೂ ವಿಚಿತ್ರ. ಇವುಗಳಲ್ಲಿ ವಾಚ್ಯಾರ್ಥ (ಪದದ ನೇರ ಅರ್ಥ) ಯಾವುದು, ಲಕ್ಷ್ಯಾರ್ಥ (ಅದರಿಂದ ಹೊರಡುವ ಆಲಂಕಾರಿಕ ಅರ್ಥ) ಯಾವುದು?

ಉತ್ತರ 1 (ಪೆರ್ಲ):
ಈ ಧಾತುವಿನ ಆದಿಮ ಅರ್ಥ 'ತಿರುಗು, ಸುತ್ತು' ಎಂಬುದು. ಸಂಸ್ಕೃತದ 'ಚರತಿ'ಯೂ ಅದೇ ಬೇರಿನದು. ಅಡಿಕೆ ತೋಟವಿರುವ ನನಗೆ ಇದರಲ್ಲಿ ಯಾವ ವಿಚಿತ್ರವೂ ಕಾಣುವುದಿಲ್ಲ. ಬೆಳಗ್ಗೆ ಎದ್ದು ತೋಟಕ್ಕೊಂದು ಸುತ್ತು ಹಾಕಿ, ಬಿದ್ದ ಹಾಳೆಗಳನ್ನು ಎಳೆದು ಬುಡಕ್ಕೆ ಹಾಕಿ, ನೀರು ಹೋಗದ ಕಣಿಯನ್ನು ಬಿಡಿಸಿ ಬರುವವನು ಅಲ್ಲಿ ವಾಸಿಸುವವನೂ ಹೌದು, ಸಾಗುವಳಿ ಮಾಡುವವನೂ ಹೌದು. ಆದ್ದರಿಂದ ಉಳುವುದು ಮಾತ್ರ ವಾಚ್ಯಾರ್ಥ, ಉಳಿದುದೆಲ್ಲ ಲಕ್ಷ್ಯಾರ್ಥ ಎಂದು ವಿಂಗಡಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಕರ್ಮಪದವನ್ನು ನೋಡಿ ಅರ್ಥ ಮಾಡಬೇಕು. ಹೊಲವಾದರೆ ಉಳು, ದೇವರಾದರೆ ಪೂಜಿಸು, ಗೆಳೆತನವಾದರೆ ಪೋಷಿಸು. ಕ್ರಿ.ಪೂ. 50ರಲ್ಲಿ ದೂರದ ಕಿಲಿಕಿಯಾ ಪ್ರಾಂತದ ಆಡಳಿತದಲ್ಲಿದ್ದ ರೋಮನ್ ವಾಗ್ಮಿ ಸಿಸೆರೊ ತನ್ನ ಗೆಳೆಯ ರೂಫುಸನಿಗೆ 'ನಗರವನ್ನು, ನಗರವನ್ನೇ ಕೊಲೆ' ಎಂದು ಬರೆದನು. ಇಲ್ಲಿನ 'ಕೊಲೆ' ಕನ್ನಡದ ಕೊಲೆಯಲ್ಲ, 'ಕೊಲೆರೆ'ಯ ವಿಧಿರೂಪ (ಆಜ್ಞಾರೂಪ). ಅದಕ್ಕೆ ಅಲ್ಲಿ 'ರೋಮನ್ನು ಬಿಡದೆ ನೆಲೆಸಿರು' ಎಂದು ಅರ್ಥ. ಅದೇ ಸಿಸೆರೊ, ಫಲವತ್ತಾದ ಹೊಲವೂ ಸಾಗುವಳಿಯಿಲ್ಲದೆ ಬೆಳೆ ಕೊಡದಂತೆ ಮನಸ್ಸೂ ಶಿಕ್ಷಣವಿಲ್ಲದೆ ಫಲಿಸದು ಎಂದು ಹೋಲಿಸಿ, ತತ್ತ್ವಶಾಸ್ತ್ರವನ್ನು 'ಕುಲ್ತೂರಾ ಆನಿಮಿ', ಅಂದರೆ ಮನಸ್ಸಿನ ಕೃಷಿ ಎಂದು ಕರೆದನು. ನಿಜವಾದ ಲಕ್ಷ್ಯಾರ್ಥವೆಂದರೆ ಇದು. ನಮ್ಮ 'ಸಾಹಿತ್ಯ ಕೃಷಿ'ಯಂತೆ.

ದೇವತೆಯೇ ಕರ್ತೃವಾಗಿ ಸ್ಥಳವು ಕರ್ಮವಾದಾಗ, ಅಲ್ಲಿ ನೆಲೆಸಿ ಅದನ್ನು ಕಾಯುತ್ತಾಳೆ ಎಂದು ಅರ್ಥ.

ಉತ್ತರ 2 (ಕುಂಬಳೆ):
ಕನ್ನಡದಲ್ಲಿ ಇದಕ್ಕೆ ಅತ್ಯಂತ ಹತ್ತಿರದ ಮಾತು 'ಒಕ್ಕಲು' ಎಂದು ನನಗೆ ತೋರುತ್ತದೆ. ಹೊಸ ಮನೆಯ ಆಮಂತ್ರಣ ಪತ್ರಿಕೆಯಲ್ಲಿ 'ಮನೆ ಒಕ್ಕಲು' ಎಂದರೆ ವಾಸಕ್ಕೆ ತೊಡಗುವುದು, 'ಒಕ್ಕಲುತನ' ಎಂದರೆ ಬೇಸಾಯ, ದೇವಸ್ಥಾನದ ಒಕ್ಕಲು ಎಂದರೆ ಆ ದೇವರಿಗೆ ನಡೆದುಕೊಳ್ಳುವ ಮನೆತನ. ವಾಸ, ಬೇಸಾಯ, ಭಕ್ತಿ ಮೂರೂ ಒಂದೇ ಪದದಲ್ಲಿ ಸೇರಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಉತ್ತರ 3 (ಪೆರ್ಲ):
ಹೋಲಿಕೆ ನಿಜಕ್ಕೂ ಸೊಗಸಾಗಿದೆ. ಆದರೆ ಒಕ್ಕಲಿಗೆ ಮೇಲೊಬ್ಬ ಧಣಿಯೋ ದೇವರೋ ಇರಬೇಕಾಗುತ್ತದೆ. ಜೂನೋ ಒಕ್ಕಲಾದಳೆಂದರೆ ದೇವಿಯ ಸ್ಥಾನ ಕೆಳಗಿಳಿಯುತ್ತದೆ. ಕಾರ್ಥೇಜಿನ ಜನರು ಅವಳ ಒಕ್ಕಲು ಎಂದರೆ ಸರಿಹೋಗುತ್ತದೆ. ಇನ್ನೊಂದು ಮಾತು: 'ಕುಲ್ತೂರಾ'ದಿಂದ ಬಂದ 'ಕಲ್ಚರ್' ಪದಕ್ಕೆ ನಾವು ಬಳಸುವ 'ಸಂಸ್ಕೃತಿ'ಯು 'ಕೃ' ಧಾತುವಿನಿಂದ ಬಂದುದು, 'ಕೃಷಿ'ಯು 'ಕೃಷ್' ಧಾತುವಿನಿಂದ ಬಂದುದು. ಇವೆರಡನ್ನು ಒಂದೇ ಎಂದು ಭಾವಿಸಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸಾಲನ್ನು ಹೀಗೆ ತಿದ್ದಿಕೊಂಡಿದ್ದೇನೆ: 'ಸಾಮೋಸನ್ನೂ ಹಿಂದಿಟ್ಟು, ಸಕಲ ನಾಡುಗಳಿಗಿಂತ ಮಿಗಿಲಾಗಿ ಈ ಒಂದರಲ್ಲೇ ಜೂನೋ ನೆಲೆಗೊಂಡು ಪೊರೆದಳೆಂಬರು.' ಲ್ಯಾಟಿನಿನ ಒಂದು ಕ್ರಿಯಾಪದಕ್ಕೆ ಎರಡನ್ನು ಬಳಸಬೇಕಾಯಿತು. ಒಂದನ್ನು ಬಿಟ್ಟರೂ ಅರ್ಥ ಅರ್ಧವಾಗುತ್ತದೆ.