ಡೌನ್‌ಲೋಡ್ ಮಾಡದೆ ಬ್ರೌಸರ್‌ನಲ್ಲೇ ಫೈಲ್ ನೋಡೋದು ಹೇಗೆ? ನುಡಿ ಫಾಂಟಿನ ಕಾಟ ಬೇರೆ

ಶಿರಸಿ_ಜೆರಾಕ್ಸ್:
ನನ್ನದು ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ. ಜನ ಬರುತ್ತಾರೆ, ‘ಆ ಸುತ್ತೋಲೆ ಸ್ವಲ್ಪ ತೋರಿಸಿ’ ಅನ್ನುತ್ತಾರೆ, ಓದಿಕೊಂಡು ಹೋಗುತ್ತಾರೆ. ಪ್ರಿಂಟ್ ಬೇಡ, ಕಾಸೂ ಇಲ್ಲ. ಫೈಲ್ ಮಾತ್ರ ನನ್ನ ಕಂಪ್ಯೂಟರಲ್ಲೇ ಉಳಿಯುತ್ತದೆ. ಕೆಲವು ಪಿಡಿಎಫ್ ಕ್ರೋಮ್‌ನಲ್ಲೇ ತೆರೆಯುತ್ತವೆ, ಕೆಲವು ಸೀದಾ ಡೌನ್‌ಲೋಡ್ ಆಗುತ್ತವೆ. ಯಾಕೆ ಹೀಗೆ? ಡಾಕ್ (ವರ್ಡ್) ಫೈಲನ್ನು ಗೂಗಲ್ ಡ್ರೈವ್‌ಗೆ ಹಾಕಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕಿ, ಗೀಟು!

ಹಳ್ಳಿಹೈದ:
ಕ್ರೋಮ್ ಸೆಟ್ಟಿಂಗ್ಸ್‌ನ ಸೈಟ್ ಸೆಟ್ಟಿಂಗ್ಸ್ ಒಳಗೆ ‘ಪಿಡಿಎಫ್ ಡಾಕ್ಯುಮೆಂಟ್ಸ್’ ಅಂತ ಇದೆ. ಅಲ್ಲಿ ಕ್ರೋಮ್‌ನಲ್ಲೇ ತೆರೆಯುವ ಆಯ್ಕೆ ಒತ್ತಿ. ಮುಗೀತು.

ಡಿಟಿಪಿ_ಅಣ್ಣ:
ಅಷ್ಟಕ್ಕೇ ಮುಗಿಯಲ್ಲ ಮಾರಾಯ್ರೇ. ಫೈಲ್ ಕಳಿಸುವ ಸರ್ವರ್ ಜೊತೆಗೊಂದು ಚೀಟಿಯನ್ನೂ ಕಳಿಸುತ್ತದೆ, ಕಂಟೆಂಟ್ ಡಿಸ್ಪೊಸಿಷನ್ ಅಂತ. ಅದರಲ್ಲಿ ‘ಅಟ್ಯಾಚ್‌ಮೆಂಟ್’ ಅಂತಿದ್ದರೆ ಕ್ರೋಮ್ ಡೌನ್‌ಲೋಡ್ ಮಾಡಿಯೇ ತೀರುತ್ತದೆ. ನಿಮ್ಮ ಸೆಟ್ಟಿಂಗ್ ಏನೇ ಇರಲಿ. ಇನ್‌ಕಾಗ್ನಿಟೊದಲ್ಲಿ (ನೋಡಿದ ಪುಟಗಳ ದಾಖಲೆ ಉಳಿಸದ ಕಿಟಕಿ) ತೆರೆದರೂ ಡೌನ್‌ಲೋಡ್ ಆದ ಫೈಲ್ ಡಿಸ್ಕಿನಲ್ಲೇ ಉಳಿಯುತ್ತದೆ, ನೀವೇ ಅಳಿಸಬೇಕು.

ಡಾಕ್ ಕಥೆ ಬೇರೆ. ಪಿಡಿಎಫ್ ಓದುವ ವ್ಯವಸ್ಥೆ ಬ್ರೌಸರ್ ಒಳಗೇ ಇದೆ, ಫೈರ್‌ಫಾಕ್ಸ್‌ನಲ್ಲಿ 2013ರಿಂದ. ವರ್ಡ್ ಫೈಲಿಗೆ ಅಂಥದ್ದಿಲ್ಲ. ಡ್ರೈವ್, ಆಫೀಸ್ ಆನ್‌ಲೈನ್ ತಮ್ಮ ಸರ್ವರಿನಲ್ಲಿ ಅದನ್ನು ಬಿಡಿಸಿ ನಿಮಗೆ ತೋರಿಸುತ್ತವೆ. ನಿಮ್ಮ ಫೈಲ್ ನುಡಿಯಲ್ಲಿ (ಕನ್ನಡ ಟೈಪಿಂಗ್ ತಂತ್ರಾಂಶ) ಟೈಪ್ ಆಗಿರಬೇಕು, ಅವರ ಹತ್ತಿರ ನುಡಿ ಫಾಂಟ್ ಎಲ್ಲಿಂದ ಬರಬೇಕು?

ಹಳೇ ನುಡಿ, ಬರಹ ಫಾಂಟುಗಳಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ಚಿತ್ರ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ, ಆದರೂ ನನ್ನ ಟೇಬಲ್ಲಿಗೆ ಇವತ್ತಿಗೂ ನುಡಿ ಫೈಲೇ ಜಾಸ್ತಿ ಬರೋದು. ಸಿಟ್ಟು ಬರುತ್ತೆ.

ನಿಮ್ಮ ಅಂಗಡಿಗೆ ಹೇಳುವುದಾದರೆ, ಲಿಬ್ರೆ ಆಫೀಸ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ನುಡಿ ಫಾಂಟ್ ಇನ್‌ಸ್ಟಾಲ್ ಮಾಡಿ, ಅಲ್ಲೇ ತೆರೆಯಿರಿ. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ, ಫಾಂಟ್ ಅದರೊಳಗೇ ಕೂರುತ್ತದೆ. ಬ್ರೌಸರ್‌ನಲ್ಲೇ ನೋಡಬೇಕು ಅನ್ನೋ ಹಟ ಡಾಕ್ ವಿಷಯದಲ್ಲಿ ಬೇಡ. ಇನ್ನೊಂದು ಮಾತು: ಗಿರಾಕಿಗಳ ಜಾತಿ ಪ್ರಮಾಣಪತ್ರ, ಆಧಾರ್ ಇದ್ದರೆ ನಿಮ್ಮ ಡ್ರೈವ್‌ಗೆ ದಯವಿಟ್ಟು ಹಾಕಬೇಡಿ.

ಶಿರಸಿ_ಜೆರಾಕ್ಸ್:
ಡಾಕ್ ತೆರೆಯಿತು, ಉಪಕಾರ ಆಯ್ತು. ಒಂದು ಪಿಡಿಎಫ್‌ನಲ್ಲಿ ಕನ್ನಡ ಚೆಂದ ಕಾಣುತ್ತದೆ, ಆದರೆ ಕಂಟ್ರೋಲ್ ಎಫ್ ಒತ್ತಿ ‘ಶಿರಸಿ’ ಅಂತ ಹುಡುಕಿದರೆ ಏನೂ ಸಿಗಲ್ಲ. ಕಣ್ಣೆದುರಿಗೇ ಇದೆ!

ಡಿಟಿಪಿ_ಅಣ್ಣ:
ಅದೂ ನುಡಿಯದ್ದೇ ಇರಬೇಕು. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಅದೇ ಚುಕ್ಕಿ, ಗೀಟು ಬಂದರೆ ಆಸ್ಕಿ (ಆ ಹಳೇ ಇಂಗ್ಲಿಷ್ ಸಂಕೇತ) ಟು ಯೂನಿಕೋಡ್ ಕನ್ವರ್ಟರ್‌ಗೆ ಹಾಕಿ, ಆಮೇಲೆ ಹುಡುಕಿ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಒಮ್ಮೆ ಕಣ್ಣಾಡಿಸಿ, ತಪ್ಪೋದು ಅಲ್ಲೇ. ಏನೂ ಕಾಪಿಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ ಇರಬೇಕು, ಅದಕ್ಕೆ ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಬೇಕು.